ಮೂಲಂಗಿ ನೆಂಚಿಕೊಂಡು

ಕಳೆದ ಮಾಘಮಾಸದ ಒಂದು ಬೆಳಗ್ಗೆ ತೊಂಡೇಬಾವಿಯ ನಮ್ಮ ಮನೆಯ ಜಗುಲಿಗೆ ಒಬ್ಬ ತಾಯಿ ಬಂದಳು. ಕೈಯಲ್ಲಿ ಆಗತಾನೆ ಕಿತ್ತ ಮೂಲಂಗಿಯ ಕಟ್ಟು. ಮುಖದಲ್ಲಿ ಬಹುದಿನದ ಚಿಂತೆ. ಆಕೆಯ ಮಗನು ಇಪ್ಪತ್ತು ವರ್ಷಗಳ ಹಿಂದೆ ನನ್ನ ಬಳಿ ಸಂಸ್ಕೃತ ಕಲಿತವನು. ಈಗ ಬೆಂಗಳೂರಿನಲ್ಲಿ ಬಿಯರ್ ತಯಾರಿಸುವ ಉದ್ಯೋಗದಲ್ಲಿರುವನು.

"ಮೇಷ್ಟ್ರೇ, ಅವರಪ್ಪನನ್ನು ನುಂಗಿದ್ದು ಸಾಲದು ಅಂತ ಮಗನೂ ಅದೇ ದಾರಿ ಹಿಡಿದ. ಯಾರೂ ಹೆಣ್ಣು ಕೊಡೋದಿಲ್ಲ. ನೀವು ಹೇಳಿದರೆ ಕೇಳ್ತಾನೆ. ಬಿಟ್ಟು ಬಾ ಅಂತ ಹೇಳಿ" ಎಂದಳು.

ಆ ತಂದೆಯನ್ನು ನಾನು ಬಲ್ಲೆ. ಕೂಲಿಯ ಹಣ ಕೈಗೆ ಬಂದೊಡನೆ ಸಾರಾಯಿಯ ಪ್ಲಾಸ್ಟಿಕ್ ಪೊಟ್ಟಣವನ್ನು ಹಲ್ಲಿನಿಂದ ಹರಿದು, ನಿಂತ ನಿಲುವಿನಲ್ಲಿ, ಬರಿಯ ಹೊಟ್ಟೆಗೆ ಸುರಿದುಕೊಳ್ಳುತ್ತಿದ್ದನು. ಮರುದಿನ ಬೆಳಗ್ಗೆ ಹುಡುಗನು ತಂಗಳೂ ಇಲ್ಲದೆ ಶಾಲೆಗೆ ಬರುತ್ತಿದ್ದನು. 2007 ರ ಜುಲೈ 1 ರಿಂದ ಕರ್ನಾಟಕದಲ್ಲಿ ಸಾರಾಯಿಯು ನಿಷಿದ್ಧವಾಯಿತು. ಆದರೆ ಆ ಮನೆಗೆ ಅದು ಎರಡು ವರ್ಷ ತಡವಾಗಿತ್ತು. ಅಂಥವನ ಮಗನು ಇಂಥ ಕೆಲಸಕ್ಕೆ ಕೈಯಿಡುವುದೇ? ನನಗೂ ಕೋಪವೇ ಬಂದಿತು. ಮೂಲಂಗಿಯಲ್ಲಿ ಅರ್ಧವನ್ನು ಮಗನಿಗೆಂದು ಚೀಲಕ್ಕೆ ಹಾಕಿಕೊಂಡು, ಹಿಂದೂಪುರದ ಕಡೆಯಿಂದ ಬರುವ ರೈಲನ್ನು ಹತ್ತಿದೆನು. ಮಾಕಳಿದುರ್ಗದ ಬೆಟ್ಟ ಹಿಂದೆ ಸರಿದು ದೊಡ್ಡಬಳ್ಳಾಪುರ ಬರುವುದರೊಳಗಾಗಿ ಹೇಳತಕ್ಕ ಉಪದೇಶವೆಲ್ಲವೂ ಮನಸ್ಸಿನಲ್ಲಿ ಸಿದ್ಧವಾಗಿದ್ದಿತು.

ಬೆಂಗಳೂರಿಗೂ ಬಿಯರಿಗೂ ನಂಟು ಹಳೆಯದು. ಯುನೈಟೆಡ್ ಬ್ರೂವರೀಸ್ ಎಂಬ ದೊಡ್ಡ ಸಂಸ್ಥೆಯು 1915 ರಲ್ಲಿ ಹುಟ್ಟಿದುದು. ಆದರೆ ಗಿರಾಕಿಯ ಕಣ್ಣೆದುರಿಗೇ ಸಣ್ಣ ಪ್ರಮಾಣದಲ್ಲಿ ಬಿಯರನ್ನು ತಯಾರಿಸಿ, ಅಲ್ಲಿಯೇ ಊಟದೊಡನೆ ಬಡಿಸುವ ಮನೆಗಳು ಈಚಿನವು. 2010 ರಿಂದ 2012 ರವರೆಗಿನ ಅವಧಿಯಲ್ಲಿ ಟಾಯ್ಟ್, ಬಿಯರ್ ಕ್ಲಬ್, ವಿಂಡ್‌ಮಿಲ್ಸ್, ಆರ್ಬರ್ ಎಂಬಿವು ಒಂದಾದ ಮೇಲೊಂದು ತೆರೆದುವು; ಅನಂತರ ಬಂದುವು ಹಲವು. ನನ್ನ ಶಿಷ್ಯನು ದುಡಿಯುತ್ತಿರುವುದು ಅಂಥ ಮತ್ತೊಂದು ಮನೆಯಲ್ಲಿ.

ಅವನು ನನ್ನನ್ನು ಕಂಡು ಮೊದಲು ಬೆದರಿದನು. ಬಳಿಕ ಕಾಲಿಗೆರಗಿ, ಉಕ್ಕಿನ ತೊಟ್ಟಿಗಳ ಬಳಿಗೆ ಕರೆದೊಯ್ದನು. ಒಂದು ಹಿಡಿ ಧಾನ್ಯವನ್ನು ನನ್ನ ಅಂಗೈಗೆ ಹಾಕಿದನು. ಅದು ಜವೆಗೋಧಿ, ಸಂಸ್ಕೃತದ ಯವ. ನೆನೆಯಿಟ್ಟು, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದುದು. ಇದಕ್ಕೆ ಮಾಲ್ಟ್ ಎಂದು ಹೆಸರು. ವೇದದ ಸೌತ್ರಾಮಣೀ ಯಾಗದಲ್ಲಿ ಸುರೆಗಾಗಿ ಹೇಳಿರುವ 'ತೋಕ್ಮ'ವು ಮೊಳೆತ ಯವವೇ. 'ಶಷ್ಪ'ವು ಮೊಳೆತ ನೆಲ್ಲು. ಈ ಶಬ್ದಗಳಿಗೆ ಅರ್ಥ ಹೇಳುತ್ತ ಮೂವತ್ತು ವರ್ಷ ಕಳೆದ ನಾನು ಪದಾರ್ಥವನ್ನು ಕೈಯಲ್ಲಿ ಹಿಡಿದುದು ಅಂದೇ.

ಮೊಳಕೆಯ ಧಾನ್ಯವನ್ನು ಒಡೆದು, ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆಯ ಕಾಲ ಇಟ್ಟರೆ ಅದರೊಳಗಿನ ಪಿಷ್ಟವು ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟನ್ನು ಬೆರೆಸುತ್ತಾರೆ. ಕೌಟಿಲ್ಯನು ಕಿಣ್ವವೆಂದುದು ಇಂಥದನ್ನೇ. ಮದ್ಯವಾಗುವುದು ಆ ಮೇಲೆ. ನಾನು ಕುಡಿಯುವವನಲ್ಲವೆಂದು ಬಲ್ಲ ಶಿಷ್ಯನು, ಹಾಪ್ಸೂ ಯೀಸ್ಟೂ ಸೋಂಕದ ಸಿಹಿನೀರನ್ನು ಒಂದು ಲೋಟದಲ್ಲಿ ಕೊಟ್ಟನು. ಒಂದು ಗುಟುಕಿಗೆ ನನ್ನ ತಾಯಿಯ ನೆನಪಾಯಿತು. ಒದ್ದೆಯ ಬಟ್ಟೆಯಲ್ಲಿ ಕಟ್ಟಿ ಮೊಳೆಯಿಸಿದ ರಾಗಿಯನ್ನು ಒಣಗಿಸಿ, ಬೀಸಿ, ಕೂಸುಗಳಿಗೆ ಸರಿ ಕಾಯಿಸುತ್ತಿದ್ದ ಆ ಒಲೆಯ ಮುಂದಿನ ಪರಿಮಳವೇ ಅದು! ಕೂಸಿನ ಬಟ್ಟಲಿಗೂ ಕುಡಿಯುವವನ ಲೋಟಕ್ಕೂ ದಾರಿಯು ಇಷ್ಟು ದೂರ ಒಂದೇ ಎಂಬುದು ನನಗೆ ಹೊಳೆದಿರಲಿಲ್ಲ.

ಬಳಿಕ ಮೇಜಿನ ಬಳಿ ಕುಳ್ಳಿರಿಸಿ, ಯಾವ ಪಾನಕ್ಕೆ ಯಾವ ತಿನಿಸೆಂಬುದನ್ನು ವಿವರಿಸಿದನು. ಗೋಧಿಯ ಬಿಯರಿಗೆ ಯೀಸ್ಟಿನಿಂದಲೇ ಬಾಳೆಯ ಹಣ್ಣಿನ, ಲವಂಗದ ವಾಸನೆ ಬರುತ್ತದೆ. ಮೂಸಿ ನೋಡಿದೆ, ನಿಜ. ಅದಕ್ಕೆ ಹಗುರವಾದ, ಉಪ್ಪು ಹುಳಿಯ ತಿನಿಸು ಸಲ್ಲುತ್ತದೆ. ಕರಿದ ಮೆಣಸಿನಕಾಯಿ ಬೋಂಡದ ಜೊತೆ ಬಹು ಕಹಿಯಾದುದನ್ನು ಕೊಡಬಾರದು. ಕಹಿಯು ಖಾರವನ್ನು ಕೆರಳಿಸುವುದು. ಅಲ್ಲಿ ಮಾಲ್ಟಿನ ಸಿಹಿ ಉಳಿದಿರುವುದೇ ಮೇಲು. ಹುರಿದ ಧಾನ್ಯದ ಕಪ್ಪು ಬಿಯರಿಗೆ ಕಾಫಿಯ ವಾಸನೆಯಿರುವುದರಿಂದ ಚಾಕೊಲೆಟ್ಟು ಹೊಂದುತ್ತದೆ. ಕಾಂಗ್ರೆಸ್ ಕಡಲೆಕಾಯಿಯು ಎಲ್ಲಕ್ಕೂ ಸ್ನೇಹಿತ.

ಚೀಲದಿಂದ ನಾನು ಅವನ ತಾಯಿಯ ಮೂಲಂಗಿಯನ್ನು ತೆಗೆದುಕೊಟ್ಟೆ. ಅವನು ಅದನ್ನು ಕ್ಷಣಕಾಲ ಮೂಸಿ, ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ಗೋಧಿಯ ಬಿಯರಿನ ಪಕ್ಕದಲ್ಲಿ ಇರಿಸಿದನು. "ಜರ್ಮನಿಯ ಬವೇರಿಯದಲ್ಲಿ ಹೀಗೇ ತಿನ್ನುತ್ತಾರೆ, ಮೇಷ್ಟ್ರೇ" ಎಂದನು.

ನಾನು ನಕ್ಕುಬಿಟ್ಟೆ. ಪಾಣಿನಿಯ ವ್ಯಾಕರಣದಲ್ಲಿ ಉಪದಂಶವೆಂಬ ಮಾತಿಗೇ ಒಂದು ಸೂತ್ರವುಂಟು. ಅದಕ್ಕೆ ವೃತ್ತಿಕಾರರು ಕೊಡುವ ಉದಾಹರಣೆಯು, ಮೂಲಂಗಿಯನ್ನು ಕಚ್ಚಿಕೊಳ್ಳುತ್ತ ಉಣ್ಣುವವನದು! ಅಮರಕೋಶದಲ್ಲಿಯೂ ಸುರೆಯ ಪರ್ಯಾಯಗಳ ನೆರೆಯಲ್ಲಿ 'ಅವದಂಶ'ವು ಕುಳಿತಿದೆ. ನಮ್ಮ ಕನ್ನಡದಲ್ಲಿ ಇವೆರಡಕ್ಕೂ 'ನೆಂಚಿಕೊಳ್ಳುವುದು' ಎಂಬ ಚೆಲುವಾದ ಮಾತಿದೆ. ನಗರದವರು ಹೊಸ ವಿದ್ಯೆಯೆಂದು ಕಲಿಯುತ್ತಿರುವುದು ನಮ್ಮ ಅಜ್ಜಿಯರು ಮುದ್ದೆಗೆ ಸೊಪ್ಪಿನ ಸಾರನ್ನೂ, ಮಜ್ಜಿಗೆಯನ್ನಕ್ಕೆ ಉಪ್ಪಿನಕಾಯಿಯನ್ನೂ ಗೊತ್ತುಮಾಡಿದ ವಿದ್ಯೆಯೇ.

ಆದರೆ ಬಂದ ಕಾರ್ಯವನ್ನು ಮರೆಯುವಂತಿರಲಿಲ್ಲ. "ನಿನ್ನ ತಂದೆಯನ್ನು ಮರೆತೆಯಾ?" ಎಂದು ಕೇಳಿದೆ.

"ಇಲ್ಲ, ಮೇಷ್ಟ್ರೇ. ನಮ್ಮಪ್ಪ ಕುಡಿದದ್ದರಲ್ಲಿ ಏನಿತ್ತು ಅಂತ ಅವರಿಗೆ ಗೊತ್ತಿರಲಿಲ್ಲ. ಕೂರೋಕೆ ಮಣೆ ಇರಲಿಲ್ಲ, ತಿನ್ನೋಕೆ ತಟ್ಟೆ ಇರಲಿಲ್ಲ. ಇಲ್ಲಿ ಏನು ಹಾಕಿದೆ, ಎಷ್ಟು ಹಾಕಿದೆ ಎಲ್ಲ ಬರೆದಿಡ್ತೀನಿ. ರುಚಿ ನೋಡೋದು ಬಿಟ್ಟರೆ ನಾನು ಕುಡಿಯೋದಿಲ್ಲ" ಎಂದು ತನ್ನ ಪುಸ್ತಕವನ್ನು ತೆರೆದು ತೋರಿಸಿದನು. ನಾನು ತಿದ್ದಿದ ಅಕ್ಷರಗಳೇ ಅವು.

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909 ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಅಧ್ಯಾಯವೊಂದಿದೆ. ಪಾನಗೃಹದಲ್ಲಿ ಬೇರೆ ಬೇರೆ ಕೋಣೆಗಳೂ ಆಸನಗಳೂ ಹೂವೂ ನೀರೂ ಇರಬೇಕೆಂದು ಅಲ್ಲಿ ವಿಧಿಯುಂಟು. ಕೆಟ್ಟ ಸುರೆಯನ್ನು ಆಳುಗಳಿಗೆ ಕೂಲಿಯಾಗಿ ಕೊಡಬಹುದೆಂಬ ಮಾತೂ ಅಲ್ಲಿಯೇ ಉಂಟು. ಉಳ್ಳವನಿಗೆ ಆಸನ, ದುಡಿಯುವವನಿಗೆ ಕೆಟ್ಟ ಸುರೆ: ನನ್ನ ಶಿಷ್ಯನ ತಂದೆಯ ಕಥೆಯು ಎರಡು ಸಾವಿರ ವರ್ಷಗಳಷ್ಟು ಹಳೆಯದು.

ಅಷ್ಟರಲ್ಲಿ ಪಕ್ಕದ ಮೇಜಿನಲ್ಲಿ ನಾಲ್ವರು ತರುಣರು ಧ್ವನಿಯೇರಿಸಿದ್ದರು. ಲೋಟಗಳು ಬರಿದಾಗಿದ್ದುವು, ತಟ್ಟೆಗಳು ಹಾಗೆಯೇ ಇದ್ದುವು. "ಇವರಿಗೆ ಏನು ಹೇಳುತ್ತೀ?" ಎಂದೆ. ಅವನು ತಲೆ ತಗ್ಗಿಸಿದನು. "ಇನ್ನೊಂದು ಸುತ್ತು ಬೇಡ ಅಂತ ಹೇಳೋದಕ್ಕೆ ಹೋಗ್ತೀನಿ. ಎಲ್ಲರೂ ಕೇಳೋದಿಲ್ಲ, ಮೇಷ್ಟ್ರೇ" ಎಂದು ಎದ್ದು ಹೋದನು. ಆ ಉತ್ತರದಲ್ಲಿ ಸುಳ್ಳಿರಲಿಲ್ಲ. ಬಿಟ್ಟು ಬಾ ಎಂಬ ಮಾತು ನನ್ನ ನಾಲಗೆಗೆ ಬರಲಿಲ್ಲ.

ವಾಚಕ ಮಹಾಶಯರು ತಪ್ಪು ತಿಳಿಯಬಾರದು. ಕುಡಿಯದವರು ಕಲಿಯಲೆಂದು ನಾನು ಇದನ್ನು ಬರೆಯುತ್ತಿಲ್ಲ. ಕುಡಿಯದಿರುವುದೇ ಲೇಸೆಂಬ ನನ್ನ ಮತವು ಹಾಗೆಯೇ ಇದೆ. ಆದರೆ ತಿನಿಸು, ಆಸನ, ಅಳತೆ, ಬೇಡವೆನ್ನುವ ಒಬ್ಬ ಹಿತೈಷಿ, ಈ ನಾಲ್ಕೂ ಇಲ್ಲದ ಕುಡಿತವೇ ಮನೆಗಳನ್ನು ನುಂಗಿದುದೆಂದು ಈಗ ನನಗೆ ತೋರುತ್ತದೆ.

ಊರಿಗೆ ಮರಳಿ ಆ ತಾಯಿಗೆ ಕಂಡುದೆಲ್ಲವನ್ನೂ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಕುಡಿದಿರಲಿಲ್ಲ ತಾನೇ?" ಎಂದಳು. ಇಲ್ಲವೆಂದೆ. "ಮೂಲಂಗಿ ತಿಂದನಾ?"

"ತಿಂದ, ತಾಯಿ. ನನಗಿಂತ ಮೊದಲು ಅವನೇ ತಿಂದ" ಎಂದೆ.

ಆಕೆ ಕಣ್ಣೊರೆಸಿಕೊಂಡು, ಮುಂದಿನ ಸಲ ಹೋಗುವಾಗ ಹೇಳಿರೆಂದು ಎದ್ದಳು.