ದೂರವೂ ಗಡಿಯಾರವೂ

ಮೂವತ್ತು ವರ್ಷಕ್ಕೂ ಮೇಲಾಗಿ ಹುಡುಗರಿಗೆ ಪಾಠ ಹೇಳಿದ ನಾನು ಒಂದು ಸಣ್ಣ ಕೂಡುವ ಲೆಕ್ಕದಲ್ಲಿ ತಪ್ಪಿದೆನು. ಅದರ ಫಲವನ್ನು ಅನುಭವಿಸಿದವರು ಎಂಬತ್ತು ದಾಟಿದ ಒಬ್ಬ ತಾಯಿ. ವಾಚಕರ ಮನೆಗಳಲ್ಲಿ ಹಾಗಾಗದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಆಕೆ ದೇವನಹಳ್ಳಿಯ ನಮ್ಮ ಬೀದಿಯಲ್ಲಿಯೇ ಹಾಸಿಗೆ ಹಿಡಿದು ಮಲಗಿದ್ದರು. ಮಗನಿದ್ದದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಒಂದು ಚಳಿಗಾಲದಲ್ಲಿ ಅವನು, “ಶನಿವಾರ ರಾತ್ರಿ ಎಂಟೂವರೆಗೆ ಹೊರಡುತ್ತೇನೆ, ನೇರ ವಿಮಾನ, ಹದಿನೇಳು ಗಂಟೆಯ ಪ್ರಯಾಣ” ಎಂದು ಫೋನಿನಲ್ಲಿ ತಿಳಿಸಿದನು.

“ಯಾವಾಗ ಬರುತ್ತಾನೆ, ಮೇಷ್ಟ್ರೇ?”

“ಭಾನುವಾರ ಮಧ್ಯಾಹ್ನ ಒಂದೂವರೆಗೆ, ಅಮ್ಮ.”

“ಹಾಗಾದರೆ ಅವನೊಡನೆಯೇ ಊಟ ಮಾಡುತ್ತೇನೆ.”

ವಿಮಾನ ನಿಲ್ದಾಣವು 2008ನೆಯ ಇಸವಿ ಮೇ ತಿಂಗಳಿನಿಂದ ನಮ್ಮೂರ ಮಗ್ಗುಲಲ್ಲಿಯೇ ಇರುವುದಷ್ಟೆ. ಆ ಭಾನುವಾರ ವಿಮಾನದ ಸದ್ದು ಕೇಳಿದಾಗಲೆಲ್ಲ ಆಕೆ ಬಾಗಿಲ ಕಡೆ ನೋಡಿದರು. ಮಧ್ಯಾಹ್ನ ಕಳೆಯಿತು, ದೀಪ ಹಚ್ಚುವ ಹೊತ್ತೂ ಆಯಿತು. ಗಂಜಿಯನ್ನು ಮುಟ್ಟಲಿಲ್ಲ. ಮಗನು ಮನೆ ಸೇರಿದ್ದು ಸೋಮವಾರ ಬೆಳಗಿನ ಜಾವದಲ್ಲಿ. ವಿಮಾನವು ಒಂದು ಕ್ಷಣವೂ ತಡವಾಗಿರಲಿಲ್ಲ. ತಪ್ಪಿದ್ದುದು ನನ್ನ ಲೆಕ್ಕ.

ಭೂಪಟದಲ್ಲಿ ನೋಡಿದರೆ ಆ ಊರಿಗೆ ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಬೇಕೆಂದು ತೋರುವುದು. ಆದರೆ ಮಕ್ಕಳ ಭೂಗೋಳವೊಂದನ್ನು ತಂದು, ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದು ನೋಡಿರಿ. ದಾರವು ಉತ್ತರಕ್ಕೆ ಏರಿ, ಸೈಬೀರಿಯದ ಹಿಮದ ಅಂಚಿನ ಮೇಲೆ ಹಾದು ಆಚೆ ಇಳಿಯುವುದು. ಅದೇ ಅತಿ ಹತ್ತಿರದ ದಾರಿ. ಅದರ ಉದ್ದವೇ ಸುಮಾರು 14,000 ಕಿಲೋಮೀಟರು. ಗಾಳಿಯ ಅನುಕೂಲವನ್ನು ನೋಡಿ ವಿಮಾನಗಳು ಈ ದಾರಿಯನ್ನು ಬಿಟ್ಟು ಬಳಸಿಯೂ ಹೋಗುವುದುಂಟು. 2021ನೆಯ ಇಸವಿ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರವಾಲ್ ಮತ್ತು ಅವರ ಸಂಗಡಿಗರಾದ ಮಹಿಳಾ ಪೈಲಟ್ಟುಗಳು ಏರ್ ಇಂಡಿಯಾದ ಮೊದಲನೆಯ ನೇರ ವಿಮಾನವನ್ನು ಅಲ್ಲಿಂದ ಇಲ್ಲಿಗೆ ತಂದದ್ದು ಉತ್ತರ ಧ್ರುವದ ಮೇಲಿನಿಂದ. ಅವರು 9ರ ರಾತ್ರಿ ಹೊರಟು 11ರ ಮುಂಜಾನೆ ಇಳಿದರು. ಆಕಾಶದಲ್ಲಿ ಕಳೆದದ್ದು ಸುಮಾರು ಹದಿನೇಳು ಗಂಟೆ. ತಾರೀಖಿನಲ್ಲಿ ಮಾತ್ರ ಎರಡು ದಿನ!

ಈ ವಿಚಿತ್ರಕ್ಕೆ ಕಾರಣವನ್ನು ನಮ್ಮ ಪಂಚಾಂಗಕರ್ತರು ಎಂದೋ ಬಲ್ಲರು. ಅವರು ಅದನ್ನು ದೇಶಾಂತರವೆಂದು ಕರೆದರು. ಆರು ಅಂಶ ಪೂರ್ವಕ್ಕೆ ಸರಿದರೆ ಸೂರ್ಯೋದಯವು ಒಂದು ಘಳಿಗೆ, ಎಂದರೆ 24 ನಿಮಿಷ, ಮೊದಲಾಗುವುದು. ಸ್ಯಾನ್ ಫ್ರಾನ್ಸಿಸ್ಕೋಗೂ ನಮಗೂ ನಡುವೆ ಸುಮಾರು 200 ಅಂಶಗಳ ಅಂತರ. ಆದಕಾರಣ ನಮ್ಮ ಗಡಿಯಾರವು ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಮುಂದಿರುವುದು. ಬೇಸಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಡುವುದರಿಂದ ಹನ್ನೆರಡೂವರೆ.

ಅಲ್ಲಿಯ ಶನಿವಾರ ರಾತ್ರಿ ಎಂಟೂವರೆಯೆಂದರೆ ನಮಗೆ ಭಾನುವಾರ ಬೆಳಿಗ್ಗೆ ಹತ್ತು. ಅದಕ್ಕೆ ಹದಿನೇಳನ್ನು ಕೂಡಿದರೆ ಸೋಮವಾರ ಬೆಳಗಿನ ಜಾವ ಮೂರು. ನಾನಾದರೋ ಅಲ್ಲಿಯ ಗಂಟೆಗೆ ಪ್ರಯಾಣದ ಗಂಟೆಯನ್ನು ಕೂಡಿ, ಬಂದ ಉತ್ತರವನ್ನು ಇಲ್ಲಿಯ ಗಂಟೆಯೆಂದು ಹೇಳಿಬಿಟ್ಟೆನು. ಅಕ್ಕಿಯನ್ನು ಸೇರಿನಲ್ಲಿ ಅಳೆದು ಬೆಲೆಯನ್ನು ಪಡಿಯಲ್ಲಿ ಹೇಳಿದಂತಾಯಿತು.

ಆದುದರಿಂದ ಗೃಹಸ್ಥರು ಮೊದಲು ಹೊರಡುವ ಹೊತ್ತನ್ನು ನಮ್ಮ ಹೊತ್ತಿಗೆ ತಿರುಗಿಸಿಕೊಳ್ಳಬೇಕು. ಪ್ರಯಾಣದ ಅವಧಿಯನ್ನು ಆಮೇಲೆ ಕೂಡಬೇಕು. ನಡುವೆ ಇಳಿದು ಹತ್ತುವುದಿದ್ದರೆ ಅಲ್ಲಿ ಕಾಯುವ ಹೊತ್ತನ್ನೂ ಸೇರಿಸಬೇಕು. ಇದಕ್ಕಿಂತ ಸುಲಭವಾದದ್ದು, “ನಮ್ಮ ಗಡಿಯಾರದಲ್ಲಿ ಯಾವ ವಾರ, ಎಷ್ಟು ಗಂಟೆಗೆ ಇಳಿಯುವೆ?” ಎಂದು ಬರುವವರನ್ನೇ ಕೇಳಿ ಬರೆದಿಟ್ಟುಕೊಳ್ಳುವುದು.

ಆ ಮುಂಜಾನೆ ಮಗನ ಕೈಯಿಂದ ಎರಡು ಚಮಚ ಗಂಜಿ ಕುಡಿದು ಆಕೆ ನನ್ನನ್ನು ನೋಡಿ, “ಮೇಷ್ಟ್ರು ನನಗೆ ಏಕಾದಶಿ ಮಾಡಿಸಿದರು” ಎಂದು ನಕ್ಕರು. ಆಕೆ ಈಗಿಲ್ಲ. ಕಾಯುವವರ ಹೊತ್ತು ಕೂಡ ಲೆಕ್ಕಕ್ಕೆ ಬರತಕ್ಕದ್ದೆಂಬ ಪಾಠವನ್ನು ಅಂದು ನಾನು ಕಲಿತೆನು.