ಡಿಸ್ಕ್ ಹೊಸತಾಗಬಹುದು, ಲೆಕ್ಕಪುಸ್ತಕ ಹೊಸತಾಗದು

2023ರ ನವೆಂಬರ್‌ನಲ್ಲಿ, ಮಾಸಿಕ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ನಾಲ್ಕು ದಿನಗಳಿರುವಾಗ, ನನ್ನ ಕಕ್ಷಿದಾರರಾದ ಬಿಡಿಭಾಗ ತಯಾರಿಸುವ ಖಾಸಗಿ ಕಂಪನಿಯೊಂದರ ಗಣಕಯಂತ್ರ ಸ್ತಬ್ಧವಾಯಿತು. ಹಾರ್ಡ್ ಡಿಸ್ಕ್ ಕೆಟ್ಟಿತ್ತು. ದುರಸ್ತಿಗಾರರು ಸಂಜೆಯೊಳಗೆ ಹೊಸ ಡಿಸ್ಕ್ ಜೋಡಿಸಿ, ವಿಂಡೋಸ್ ಮರುಸ್ಥಾಪಿಸಿ, ಹಳೆಯ ಡಿಸ್ಕನ್ನೂ ಒಯ್ದರು. ಯಂತ್ರ ಮೊದಲಿಗಿಂತ ಚುರುಕಾಗಿತ್ತು. ಆದರೆ ಅದರಲ್ಲಿ ಏಳು ತಿಂಗಳ ಲೆಕ್ಕವೇ ಇರಲಿಲ್ಲ. ಕೊನೆಯ ಬ್ಯಾಕಪ್ ಏಪ್ರಿಲ್‌ನದು. ಬಿಲ್ಲುಗಳಿಂದಲೂ ಬ್ಯಾಂಕ್ ವಿವರಗಳಿಂದಲೂ ಲೆಕ್ಕವನ್ನು ಮತ್ತೆ ಬರೆಯಲು ಆರು ವಾರ ಹಿಡಿಯಿತು.

ತಪ್ಪು ದುರಸ್ತಿಗಾರರದಲ್ಲ, ಯಂತ್ರ ನಡೆಯುವಂತೆ ಮಾಡಿರೆಂದು ಹೇಳಲಾಗಿತ್ತು, ಅವರು ಮಾಡಿದರು. ನನ್ನ ಪಾಲೂ ಇದೆ. ಹಿಂದಿನ ವರ್ಷಗಳಲ್ಲಿ 'ಬ್ಯಾಕಪ್ ಇದೆಯೇ' ಎಂದು ಕೇಳಿ 'ಇದೆ' ಎಂಬ ಉತ್ತರಕ್ಕೆ ತೃಪ್ತನಾಗಿದ್ದೆ. ತೆರೆದು ತೋರಿಸಿರೆಂದು ಕೇಳಲಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕಂಪನಿಗಳು ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷಗಳ ಕಾಲ ಕಾಪಾಡಬೇಕು. ಜಿಎಸ್‌ಟಿ ನೋಂದಾಯಿತ ವರ್ತಕರೆಲ್ಲರೂ ಆಯಾ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆಗಳನ್ನು ಇಡಬೇಕು. ವಿದ್ಯುನ್ಮಾನ ರೂಪದಲ್ಲಿ ಲೆಕ್ಕವಿಡುವ ಕಂಪನಿಗಳಿಗೆ ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನದ ಬ್ಯಾಕಪ್ ಕಡ್ಡಾಯ. 2023ರ ಏಪ್ರಿಲ್ 1ರಿಂದ ಲೆಕ್ಕದ ಪ್ರತಿಯೊಂದು ತಿದ್ದುಪಡಿಯ ಜಾಡೂ ದಾಖಲಾಗಬೇಕು. ಮರಳಿ ಬರೆದ ಲೆಕ್ಕಕ್ಕೆ ಆ ಜಾಡು ಎಲ್ಲಿಂದ ಬಂದೀತು? ಪ್ರತಿದಿನದ ಬ್ಯಾಕಪ್ ಇರಲಿಲ್ಲವೆಂದು ವರದಿಯಲ್ಲಿ ನಾನು ಬರೆಯಲೇಬೇಕಾಯಿತು. ಹಳೆಯ ಸ್ನೇಹಿತರಾದ ಮಾಲೀಕರಿಗೆ ನೋವಾಯಿತು, ನನಗೂ.

ಆದುದರಿಂದ ಡಿಸ್ಕ್ ಬದಲಾವಣೆಯನ್ನು ದುರಸ್ತಿಯೆಂದಷ್ಟೇ ಕಾಣದೆ, ದಾಖಲೆಗಳ ಹಸ್ತಾಂತರವೆಂದು ಕಾಣಬೇಕೆಂಬುದು ನನ್ನ ಅಭಿಪ್ರಾಯ. ಹಳೆಯ ಡಿಸ್ಕನ್ನು ಯಾರಿಗೂ ಒಪ್ಪಿಸಬೇಡಿ. ಕೆಟ್ಟ ಡಿಸ್ಕಿನಿಂದಲೂ ಮಾಹಿತಿ ಮರಳಿ ಸಿಗುವುದುಂಟು, ಅನ್ಯರಿಗೂ ಸಿಗಬಹುದು. ಡಿಸ್ಕಿಗೆ ಬಿಟ್‌ಲಾಕರ್ ರಕ್ಷಣೆಯಿದ್ದರೆ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಬೇರೆಡೆ ಬರೆದಿಡಿ. ಅನಧಿಕೃತ ವಿಂಡೋಸ್ ಪ್ರತಿಗೆ ಒಪ್ಪಬೇಡಿ. ಡಿಜಿಟಲ್ ಪರವಾನಗಿಯುಳ್ಳ ಯಂತ್ರದಲ್ಲಿ ಡಿಸ್ಕ್ ಮಾತ್ರ ಬದಲಾದರೆ, ಅದೇ ಆವೃತ್ತಿಯನ್ನು ಸ್ಥಾಪಿಸಿದಾಗ ಸಾಮಾನ್ಯವಾಗಿ ಹೊಸ ಪರವಾನಗಿ ಕೊಳ್ಳಬೇಕಾಗುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದರಿಂದ, ಮರುಸ್ಥಾಪನೆಯ ಸಂದರ್ಭದಲ್ಲಿಯೇ ಮುಂದಿನ ಆವೃತ್ತಿಯ ಬಗ್ಗೆ ನಿರ್ಧರಿಸುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾದುದು ಪರೀಕ್ಷೆ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ತೆರೆದು, ತಾಳೆ ಪಟ್ಟಿ ತೆಗೆದು, ಸಲ್ಲಿಸಿದ ರಿಟರ್ನ್‌ನೊಡನೆ ಹೋಲಿಸಿ ನೋಡಿ. ಸಣ್ಣ ಉದ್ದಿಮೆಗೆ ಇದು ಹೊರೆಯೆನ್ನುವವರಿದ್ದಾರೆ. ಎರಡು ಬಾಹ್ಯ ಡಿಸ್ಕುಗಳ ಬೆಲೆ ಆ ಆರು ವಾರಗಳ ಹೆಚ್ಚುವರಿ ಸಂಬಳಕ್ಕಿಂತ ಬಹಳ ಕಡಿಮೆ.

ಗಲ್ಲಾಪೆಟ್ಟಿಗೆಗೆ ಬೀಗ ಹಾಕದೆ ಯಾವ ವರ್ತಕನೂ ಮನೆಗೆ ಹೋಗುವುದಿಲ್ಲ. ದೀಪಾವಳಿಯಂದು ನಾವು ಪೂಜಿಸುವ ಲೆಕ್ಕಪುಸ್ತಕ ಈಗ ಡಿಸ್ಕಿನೊಳಗಿದೆ. ಅದಕ್ಕೂ ಪ್ರತಿ ಸಂಜೆ ಒಂದು ಬೀಗವಿರಲಿ.