ಕಪ್ಪಗಿದ್ದರೆ ಸಾಕೇ?

ಹುಳ ಸೊಪ್ಪೆಲ್ಲ ಖಾಲಿ ಮಾಡ್ತು ಅಂತ ನಮ್ಮ ಮೇಲೂರಿನಲ್ಲಿ ಯಾರೂ ದುಡ್ಡು ಎಣಿಸೋಕೆ ಕೂರೋದಿಲ್ಲ. ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಗೂಡು ತೂಕಕ್ಕೆ ಬಿದ್ದ ಮೇಲೇ ಮಾತು. ಸೌರಕೋಶದ ಸುದ್ದಿ ಬರೆಯುವವರು ಮಾತ್ರ ಸೊಪ್ಪು ನೋಡಿಯೇ ಚಪ್ಪಾಳೆ ತಟ್ಟುತ್ತಾರೆ. ನನ್ನ ತಕರಾರು ಇದೇ.

ನುಣುಪಾದ ಸಿಲಿಕಾನ್ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಮೂರನೇ ಒಂದು ಭಾಗವನ್ನು ವಾಪಸ್ ಎಸೆಯುತ್ತದೆ. ಅದರ ಮೇಲೆ ಕೂದಲಿಗಿಂತ ನೂರಾರು ಪಟ್ಟು ಸಣ್ಣ ನ್ಯಾನೋ ಸೂಜಿಗಳನ್ನು ಎಬ್ಬಿಸಿದರೆ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳಕು ಓರೆಯಾಗಿ ಒಳಹೊಕ್ಕು ಅಲ್ಲೇ ಪುಟಿಯುತ್ತಾ ಉಳಿಯುತ್ತದೆ. ದಪ್ಪ ಹಾಳೆಯಲ್ಲಿ ಈ ಹಾದಿ ಹೆಚ್ಚೆಂದರೆ ಸುಮಾರು 50 ಪಟ್ಟು ಉದ್ದವಾದೀತು ಅನ್ನೋದು ಎಲಿ ಯಾಬ್ಲೊನೊವಿಚ್ 1982ರಲ್ಲಿ ಕೊಟ್ಟ ಲೆಕ್ಕ.

ಅಳೆಯೋದು ಹೇಗೆ? ಒಳಗೆಲ್ಲ ಬಿಳಿ ಬಳಿದ ಟೊಳ್ಳು ಗೋಳದಲ್ಲಿ ಕೋಶವಿಟ್ಟು, ಚದುರಿ ಬಂದ ಬೆಳಕನ್ನು ಒಟ್ಟುಮಾಡಿ, ಬಿಟ್ಟ ಬೆಳಕಿನಿಂದ ಕಳೆಯುತ್ತಾರೆ. ಉಳಿದದ್ದು 'ಹೀರಿದ್ದು'. ಆದರೆ ಹಿಂಬದಿಯ ಲೋಹ ನುಂಗಿ ಬಿಸಿಯಾಗಿದ್ದೂ ಅದರಲ್ಲೇ ಸೇರಿರುತ್ತೆ! ಸೂಜಿ ಹೆಚ್ಚಿದಷ್ಟೂ ಮೇಲ್ಮೈ ಹೆಚ್ಚು, ಅಲ್ಲಿ ಎಲೆಕ್ಟ್ರಾನ್‌ಗಳು ಕಳೆದುಹೋಗುವುದೂ ಹೆಚ್ಚು. ಗೋಳಕ್ಕೆ ಅದು ಕಾಣೋದೇ ಇಲ್ಲ. ಒಂದೊಂದೇ ಬಣ್ಣದ ಬೆಳಕು ಬಿಟ್ಟು, 100 ಫೋಟಾನಿಗೆ ಎಷ್ಟು ಎಲೆಕ್ಟ್ರಾನ್ ತಂತಿಗೆ ಬಂತು ಅಂತ ಎಣಿಸಿದರೆ ಮಾತ್ರ ಗೊತ್ತಾಗೋದು.

'ಶೇಕಡಾ 99 ಬೆಳಕು ಹೀರುವ ಕೋಶ' ಅಂತ ಯಾರಾದರೂ ಬರೆದರೆ ನಾನಂತೂ ಗೂಡೆಷ್ಟು ತೂಗಿತು ಅಂತ ಕೇಳ್ತೀನಿ. ನೀವು?